ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ: ಉಳಿದ ಮೂರು ವರ್ಷಗಳನ್ನು ಜೋಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮಗಳು 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವಳು. ಅವಳಿಗೆ ಮೂರು ವರ್ಷವಾಗಿದ್ದಾಗ ನಾವು ಮೈಸೂರಿಗೆ ಮರಳಿದೆವು. ಅಲ್ಲಿ ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿರುವ ಅವಳು 2026ರ ಆಗಸ್ಟ್‌ನಲ್ಲಿ ಸ್ಯಾನ್ ಹೋಸೆ ಸಮೀಪದ ಪಬ್ಲಿಕ್ (ಸರ್ಕಾರಿ) ಹೈಸ್ಕೂಲಿನಲ್ಲಿ ಹತ್ತನೆಯ ಗ್ರೇಡ್ ಸೇರುತ್ತಾಳೆ. ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರವಾದ ಡಿಪ್ಲೊಮಾಗೆ ಒಟ್ಟು 220 ಕ್ರೆಡಿಟ್ ಬೇಕು, ಅದರಲ್ಲಿ 30 ಕ್ರೆಡಿಟ್ ಸೋಶಿಯಲ್ ಸ್ಟಡೀಸ್‌ನದಾಗಿರಬೇಕು ಎಂದು ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಅಲ್ಲಿನ ಸರ್ಕಾರಿ ಶಾಲೆಗಳ ಆಡಳಿತ ಸಂಸ್ಥೆ) ಹೇಳುತ್ತದೆ. ಮಗಳಿಗೆ ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಫ್ರೆಂಚ್ ಕ್ರಾಂತಿ, ರಷ್ಯಾದ ಕ್ರಾಂತಿ ಎಲ್ಲವನ್ನೂ ಒಂಬತ್ತರಲ್ಲೇ ಓದಿರುವುದರಿಂದ ವರ್ಲ್ಡ್ ಹಿಸ್ಟರಿಯನ್ನು ಬಿಟ್ಟುಬಿಡಬಹುದೇ? ಉಳಿದ ಕೋರ್ಸುಗಳನ್ನು ಬೇಸಿಗೆ ರಜೆಯಲ್ಲಿ ಆನ್‌ಲೈನ್‌ನಲ್ಲಿ ಮುಗಿಸಿ ಗಣಿತ, ಕಂಪ್ಯೂಟರ್ ಕೋರ್ಸುಗಳಿಗೆ ಜಾಗ ಮಾಡಿಕೊಳ್ಳಬಹುದೇ? ಅವಳ ತಮ್ಮ ಏಳನೆಯ ಗ್ರೇಡ್ ಸೇರುತ್ತಾನೆ; ಅವನಿಗೂ ಇದೇ ನಿಯಮ ಅನ್ವಯಿಸುತ್ತದೆಯೇ?

ಉತ್ತರ: ಮೊದಲು ನೀವು ಕೇಳಿದ್ದಕ್ಕೆ ನೇರವಾಗಿ ಉತ್ತರಿಸುತ್ತೇನೆ. ವರ್ಲ್ಡ್ ಹಿಸ್ಟರಿಯನ್ನು ಬಿಡಬೇಡಿ. ಅಮೆರಿಕದ ಇತಿಹಾಸವನ್ನು ಬೇಸಿಗೆಯ ಆರು ವಾರಗಳಲ್ಲಿ ಮುಗಿಸುವ ಯೋಚನೆಯನ್ನೂ ಬಿಡಿ. ನಿಮ್ಮ ಮಗಳಿಗೆ ಉಳಿದಿರುವುದು ಮೂರು ವರ್ಷ, ರಾಜ್ಯ ಕೇಳುವ ಸಮಾಜ ವಿಜ್ಞಾನವೂ ಮೂರೇ ವರ್ಷದ್ದು. ಹತ್ತನೆಯ ಗ್ರೇಡ್‌ನಲ್ಲಿ ವರ್ಲ್ಡ್ ಹಿಸ್ಟರಿ, ಹನ್ನೊಂದರಲ್ಲಿ ಅಮೆರಿಕದ ಇತಿಹಾಸ, ಹನ್ನೆರಡರಲ್ಲಿ ಅರ್ಧ ವರ್ಷ ಸಿವಿಕ್ಸ್ (ಪೌರನೀತಿ) ಮತ್ತು ಅರ್ಧ ವರ್ಷ ಅರ್ಥಶಾಸ್ತ್ರ ಎಂದು ಇಟ್ಟರೆ ಯಾವ ತಾಪತ್ರಯವೂ ಇಲ್ಲದೆ ಲೆಕ್ಕ ಕೂಡುತ್ತದೆ. ಇಲ್ಲೇ ಬೆಳೆದ ಮಕ್ಕಳೂ ಬಹುಪಾಲು ಇದೇ ಕ್ರಮದಲ್ಲಿ ಓದುತ್ತಾರೆ. ಆದ್ದರಿಂದ ಡಿಪ್ಲೊಮಾದ ನಿಯಮ ಪೂರೈಸುವುದು ನಿಮಗೆ ದೊಡ್ಡ ಸಮಸ್ಯೆಯಾಗುವುದಿಲ್ಲ. ಸಮಸ್ಯೆ ಇರುವುದು ನಿಮ್ಮ ಪತ್ರದಲ್ಲಿ ಪ್ರಸ್ತಾಪವಾಗದ ಎಂಟನೆಯ ಗ್ರೇಡ್‌ನಲ್ಲಿ. ಅದು ಯಾಕೆಂದು ಹೇಳುವ ಮೊದಲು ನಿಯಮಗಳ ವಿಚಾರ ಮುಗಿಸಿಕೊಳ್ಳೋಣ.

ನೀವು ಒಂದೇ ಪಟ್ಟಿ ಎಂದುಕೊಂಡಿರುವುದು ನಿಜವಾಗಿ ಮೂರು ಪಟ್ಟಿಗಳು. ಮೊದಲನೆಯದು ರಾಜ್ಯದ ಶಿಕ್ಷಣ ಕಾನೂನಿನದು. ಜಗತ್ತಿನ ಇತಿಹಾಸ, ಸಂಸ್ಕೃತಿ ಮತ್ತು ಭೂಗೋಳ ಒಂದು ವರ್ಷ, ಅಮೆರಿಕದ ಇತಿಹಾಸ ಮತ್ತು ಭೂಗೋಳ ಒಂದು ವರ್ಷ, ಅಮೆರಿಕದ ಸರ್ಕಾರ ಮತ್ತು ಪೌರನೀತಿ ಒಂದು ಸೆಮಿಸ್ಟರ್, ಅರ್ಥಶಾಸ್ತ್ರ ಒಂದು ಸೆಮಿಸ್ಟರ್ ಎಂದು ಅದು ಹೇಳುತ್ತದೆ. ಎರಡನೆಯದು ಡಿಸ್ಟ್ರಿಕ್ಟ್‌ನದು. ರಾಜ್ಯ ಹೇಳಿದ್ದಕ್ಕಿಂತ ಕಡಿಮೆ ಕೇಳುವ ಅಧಿಕಾರ ಡಿಸ್ಟ್ರಿಕ್ಟ್‌ಗೆ ಇಲ್ಲ, ಹೆಚ್ಚು ಕೇಳುವ ಅಧಿಕಾರ ಇದೆ. ವರ್ಷದ ಕೋರ್ಸಿಗೆ 10, ಸೆಮಿಸ್ಟರಿಗೆ 5 ಎಂಬ ಸಾಮಾನ್ಯ ಲೆಕ್ಕದಲ್ಲಿ ನಿಮ್ಮ ಡಿಸ್ಟ್ರಿಕ್ಟ್ ಕೇಳುವ 30 ಕ್ರೆಡಿಟ್ ರಾಜ್ಯದ ಮೂರು ವರ್ಷಕ್ಕೆ ಸರಿಯಾಗಿ ಹೊಂದುತ್ತದೆ. ಮೂರನೆಯ ಪಟ್ಟಿ ವಿಶ್ವವಿದ್ಯಾಲಯಗಳದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಯುಸಿ ಮತ್ತು ಸಿಎಸ್‌ಯು, ಪ್ರವೇಶಕ್ಕೆ ಕೇಳುವ ವಿಷಯಗಳನ್ನು ಎ ಇಂದ ಜಿ ವರೆಗಿನ ಏಳು ಅಕ್ಷರಗಳಲ್ಲಿ ವಿಂಗಡಿಸಲಾಗಿದೆ. ಅದಕ್ಕೇ ಎಲ್ಲರೂ ‘ಎ–ಜಿ’ ಎನ್ನುತ್ತಾರೆ. ಇದರಲ್ಲಿ ‘ಎ’ ಎಂದರೆ ಇತಿಹಾಸ. ಜಗತ್ತಿನ ಇತಿಹಾಸ ಒಂದು ವರ್ಷ. ಅದರ ಜೊತೆಗೆ ಅಮೆರಿಕದ ಇತಿಹಾಸ ಒಂದು ವರ್ಷ, ಇಲ್ಲವೇ ಅರ್ಧ ವರ್ಷ ಅಮೆರಿಕದ ಇತಿಹಾಸ ಮತ್ತು ಅರ್ಧ ವರ್ಷ ಸಿವಿಕ್ಸ್. ಅರ್ಥಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ‘ಎ’ ಅಡಿಯಲ್ಲಿ ಬರುವುದಿಲ್ಲ; ಅವು ‘ಜಿ’ ಎಂಬ ಐಚ್ಛಿಕ ವಿಭಾಗಕ್ಕೆ ಸೇರುತ್ತವೆ.

ಮೂರೂ ಪಟ್ಟಿಗಳು ಒಂದೇ ರೀತಿ ಕಂಡರೂ ಅವು ಬೇರೆಯಾಗುವ ಒಂದು ಜಾಗದಲ್ಲಿ ನಮ್ಮವರು ಮೋಸ ಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸೆಮಿಸ್ಟರ್ ಕೊನೆಗೆ ‘ಡಿ’ ಗ್ರೇಡ್ ಬಂದರೂ ಸಾಮಾನ್ಯವಾಗಿ ಡಿಸ್ಟ್ರಿಕ್ಟ್ 5 ಕ್ರೆಡಿಟ್ ಕೊಡುತ್ತದೆ ಮತ್ತು ಡಿಪ್ಲೊಮಾಗೆ ಅದು ಸಾಕಾಗುತ್ತದೆ. ಯುಸಿ, ಸಿಎಸ್‌ಯು ಮಾತ್ರ ‘ಸಿ’ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದ ಸೆಮಿಸ್ಟರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಗಣಿತದಲ್ಲಿ ಮೊದಲ ಸೆಮಿಸ್ಟರ್ ಕೆಟ್ಟರೂ ಎರಡನೆಯದರಲ್ಲಿ ಒಳ್ಳೆಯ ಗ್ರೇಡ್ ಬಂದರೆ ಹಿಂದಿನದು ಸರಿಹೋಗುವ ಸೌಲಭ್ಯವಿದೆ, ಯಾಕೆಂದರೆ ಅಲ್ಲಿ ಒಂದು ಪಾಠದ ಮೇಲೆ ಇನ್ನೊಂದು ನಿಲ್ಲುತ್ತದೆ. ಇತಿಹಾಸಕ್ಕೆ ಆ ಸೌಲಭ್ಯವಿಲ್ಲ. ಕೆಟ್ಟ ಸೆಮಿಸ್ಟರನ್ನು ಮತ್ತೆ ಓದಿಯೇ ತೀರಬೇಕು. ‘ಕ್ರೆಡಿಟ್ ಸಿಕ್ಕಿದೆ’ ಎಂಬ ಮಾತನ್ನು ನಂಬಿ ಕೂತು, ಹನ್ನೆರಡನೆಯ ಗ್ರೇಡ್‌ನ ಶರತ್ಕಾಲದಲ್ಲಿ ಅರ್ಜಿ ತುಂಬುವಾಗ ಎಚ್ಚೆತ್ತುಕೊಳ್ಳುವ ಕುಟುಂಬಗಳು ಪ್ರತಿವರ್ಷವೂ ಇರುತ್ತವೆ.

ಇನ್ನೊಂದು ವಿಷಯವನ್ನು ನಮ್ಮೂರಿನ ರೂಢಿಯಿಂದ ಬಂದವರು ಬೇಗ ಒಪ್ಪಿಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಪ್ಲೊಮಾಗಾಗಿ ಬರೆಯಬೇಕಾದ ಬೋರ್ಡ್ ಪರೀಕ್ಷೆ ಯಾವುದೂ ಇಲ್ಲ. ಹಿಂದೆ ಇದ್ದ ನಿರ್ಗಮನ ಪರೀಕ್ಷೆಯನ್ನು 2015ರಲ್ಲಿ ತಡೆಹಿಡಿದು 2017ರಲ್ಲಿ ರದ್ದುಮಾಡಿದರು. ಎಸ್ಸೆಸ್ಸೆಲ್ಸಿಯಂತೆ ವರ್ಷವಿಡೀ ನಿಧಾನವಾಗಿದ್ದು ಮಾರ್ಚ್‌ನಲ್ಲಿ ದುಡಿದು ದಡ ಸೇರುವ ದಾರಿ ಇಲ್ಲಿಲ್ಲ. ಆಗಸ್ಟ್‌ನ ಮೊದಲ ವಾರದ ಅರ್ಧ ಪುಟದ ಬರಹದಿಂದಲೇ ಗ್ರೇಡ್ ಕೂಡುತ್ತಾ ಹೋಗುತ್ತದೆ.

ಈಗ ಮೈಸೂರಿನ ಒಂಬತ್ತನೆಯ ತರಗತಿಯ ವಿಚಾರ. ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ ನೀವು ಕೇಳಿದ್ದಕ್ಕಿಂತ ಬೇರೆ. ದಿನಕ್ಕೆ ಆರು ಪೀರಿಯಡ್ ಇರುವ ಶಾಲೆಯಲ್ಲಿ ವರ್ಷಕ್ಕೆ 60 ಕ್ರೆಡಿಟ್ ಸಿಗುತ್ತದೆ. ಮೂರು ವರ್ಷಕ್ಕೆ 180. ಡಿಪ್ಲೊಮಾಗೆ ಬೇಕಾಗಿರುವುದು 220. ಉಳಿದ 40 ಕ್ರೆಡಿಟ್ ಒಂಬತ್ತನೆಯ ತರಗತಿಯ ಅಂಕಪಟ್ಟಿಯಿಂದಲೇ ಬರಬೇಕು. ಅದನ್ನು ಸರಿಯಾಗಿ ಸಲ್ಲಿಸದಿದ್ದರೆ ಎಲ್ಲ ವಿಷಯದಲ್ಲೂ ಪಾಸಾಗಿ ಕೊನೆಯ ವರ್ಷದಲ್ಲಿ ಕ್ರೆಡಿಟ್ ಕಡಿಮೆ ಬೀಳುವ ವಿಚಿತ್ರ ಪರಿಸ್ಥಿತಿ ಎದುರಾಗುತ್ತದೆ. ಆದ್ದರಿಂದ ಶಾಲೆಯ ಮೊಹರು ಮತ್ತು ಸಹಿ ಇರುವ ಅಂಕಪಟ್ಟಿ, ವರ್ಗಾವಣೆ ಪತ್ರ, ವಾರಕ್ಕೆ ಯಾವ ವಿಷಯಕ್ಕೆ ಎಷ್ಟು ಪೀರಿಯಡ್ ಇತ್ತೆಂದು ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಒಂದು ಪುಟ, ಪಠ್ಯಪುಸ್ತಕಗಳ ಪರಿವಿಡಿಯ ನಕಲು, ಇಷ್ಟನ್ನು ಮೈಸೂರು ಬಿಡುವ ಮುನ್ನ ಕೈಯಲ್ಲಿ ಇಟ್ಟುಕೊಳ್ಳಿ. ಭಾರತದ ಶಾಲೆಯ ‘ಸೋಶಿಯಲ್ ಸೈನ್ಸ್’ ಎಂದರೆ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ನಾಲ್ಕೂ ಸೇರಿದ್ದೆಂಬುದು, ಕೋರ್ಸುಗಳ ಆಯ್ಕೆಯಲ್ಲಿ ನೆರವಾಗುವ ಇಲ್ಲಿನ ಶಾಲೆಯ ಕೌನ್ಸೆಲರ್‌ಗೆ ಗೊತ್ತಿರಬೇಕಾಗಿಲ್ಲ. ಪರಿವಿಡಿ ನೋಡಿದರೆ ಅವರಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ.

ಕೌನ್ಸೆಲರ್ ಆ ವರ್ಷವನ್ನು ಯಾವ ಖಾನೆಗೆ ಹಾಕಬೇಕು? ಐಚ್ಛಿಕ ಸಮಾಜ ವಿಜ್ಞಾನ ಎಂಬ ಖಾನೆಗೆ ಹಾಕಿ ಎಂದು ಕೇಳುವುದೇ ಸರಿ. ವರ್ಲ್ಡ್ ಹಿಸ್ಟರಿ ಎಂದು ಬರೆಸಿಕೊಳ್ಳುವ ಆಸೆ ಬೇಡ. ಮಗಳು ಓದಿದ ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಫ್ರೆಂಚ್ ಕ್ರಾಂತಿ, ರಷ್ಯಾದ ಕ್ರಾಂತಿ, ನಾಜಿವಾದ ಇದ್ದದ್ದು ನಿಜ, ಕ್ಯಾಲಿಫೋರ್ನಿಯಾದ ಹತ್ತನೆಯ ಗ್ರೇಡ್‌ನಲ್ಲೂ ಅವೇ ಘಟನೆಗಳು ಬರುವುದೂ ನಿಜ. ಆದರೆ ಅಲ್ಲಿ ಇತಿಹಾಸ ನಾಲ್ಕು ಭಾಗಗಳಲ್ಲಿ ಒಂದು ಭಾಗವಾಗಿತ್ತು, ಇಲ್ಲಿ ಅದು ಇಡೀ ವರ್ಷದ ಕೋರ್ಸು. ಕೈಗಾರಿಕಾ ಕ್ರಾಂತಿ, ಸಾಮ್ರಾಜ್ಯಶಾಹಿ, ಎರಡು ಮಹಾಯುದ್ಧಗಳು, ಶೀತಲ ಸಮರ ಎಲ್ಲವೂ ಸೇರುತ್ತವೆ. ಡಿಸ್ಟ್ರಿಕ್ಟ್ ಉದಾರವಾಗಿ ಒಪ್ಪಿಕೊಂಡರೂ ವಿಶ್ವವಿದ್ಯಾಲಯ ತನ್ನದೇ ಕಣ್ಣಿನಿಂದ ನೋಡುತ್ತದೆ. ಇನ್ನೊಂದು ಕಾರಣವೂ ಇದೆ. ಹೊಸ ದೇಶದ ಹೊಸ ಶಾಲೆಯ ಮೊದಲ ವರ್ಷದಲ್ಲಿ ಪಾಠದ ವಿಷಯ ಅರೆಬರೆ ಪರಿಚಿತವಾಗಿರುವ ಒಂದು ತರಗತಿಯಾದರೂ ಇದ್ದರೆ ಮಗು ಉಸಿರಾಡಬಹುದು. ಬಾಸ್ಟಿಲ್ ಎಂದರೇನೆಂದು ಮಗಳಿಗೆ ಆಗಲೇ ಗೊತ್ತಿರುವುದರಿಂದ, ಬಾಸ್ಟಿಲ್ ಬಗ್ಗೆ ಇಲ್ಲಿನವರು ಬಯಸುವಂತೆ ಬರೆಯುವುದು ಹೇಗೆಂದು ಕಲಿಯಲು ಅವಳಿಗೆ ಪುರುಸೊತ್ತು ಸಿಗುತ್ತದೆ.

ಇನ್ನು ಎಂಟನೆಯ ಗ್ರೇಡ್‌ನ ವಿಚಾರ. ಕ್ಯಾಲಿಫೋರ್ನಿಯಾದಲ್ಲಿ ಇತಿಹಾಸವನ್ನು ಒಂದೇ ಬಾರಿಗೆ ಕಲಿಸುವುದಿಲ್ಲ. ಆರನೆಯ ಗ್ರೇಡ್‌ನಲ್ಲಿ ಪ್ರಾಚೀನ ಜಗತ್ತು, ಏಳರಲ್ಲಿ ಮಧ್ಯಯುಗ, ಎಂಟರಲ್ಲಿ ಅಮೆರಿಕ ರಾಷ್ಟ್ರದ ಹುಟ್ಟಿನಿಂದ ಕೈಗಾರಿಕೀಕರಣದವರೆಗಿನ ಕಥೆ. ಹನ್ನೊಂದನೆಯ ಗ್ರೇಡ್‌ನ ಸಾಮಾನ್ಯ ಕೋರ್ಸು ಆ ಎಂಟನೆಯ ಗ್ರೇಡ್ ನಿಲ್ಲಿಸಿದ ಜಾಗದಿಂದ ಮುಂದುವರಿಯುತ್ತದೆ. ಮೊದಲ ಕೆಲವು ದಿನ ಹಿಂದಿನದನ್ನು ಮೆಲುಕು ಹಾಕಿ ಇಪ್ಪತ್ತನೆಯ ಶತಮಾನಕ್ಕೆ ಹೋಗಿಬಿಡುತ್ತದೆ. 1787ರ ಸಂವಿಧಾನ ರಚನೆ, 1791ರ ಹಕ್ಕುಗಳ ಮಸೂದೆ, ಗುಲಾಮಗಿರಿಯ ಬಗ್ಗೆ ರಾಜ್ಯಗಳ ನಡುವಿನ ಒಪ್ಪಂದಗಳು, 1861ರಿಂದ 1865ರವರೆಗಿನ ಅಂತರ್ಯುದ್ಧ, 1877ರಲ್ಲಿ ಮುಗಿದ ಪುನರ್ನಿರ್ಮಾಣದ ಕಾಲ, ಇವೆಲ್ಲ ವಿದ್ಯಾರ್ಥಿಗಳಿಗೆ ಗೊತ್ತಿದೆ ಎಂದೇ ಶಿಕ್ಷಕರು ಮುಂದೆ ಸಾಗುತ್ತಾರೆ. ಡಿಪ್ಲೊಮಾದ ಯಾವ ನಿಯಮದಲ್ಲೂ ಎಂಟನೆಯ ಗ್ರೇಡ್‌ನ ಹೆಸರಿಲ್ಲ, ಯಾಕೆಂದರೆ ಅದು ಹೈಸ್ಕೂಲಿಗೆ ಸೇರಿದ್ದಲ್ಲ. ಹಾಗಾಗಿ ಕೌನ್ಸೆಲರ್‌ನ ಪರದೆಯ ಮೇಲೆ ನಿಮ್ಮ ಮಗಳ ಕಾಲಂಗಳೆಲ್ಲ ತುಂಬಿದಂತೆ ಕಾಣುತ್ತವೆ, ತರಗತಿಯಲ್ಲಿ ಕೂತ ಅವಳಿಗೆ ಮಾತ್ರ ಸಿನಿಮಾಕ್ಕೆ ಇಂಟರ್‌ವಲ್ ಆದಮೇಲೆ ಹೋದ ಹಾಗಿರುತ್ತದೆ.

ಇದು ಎಷ್ಟು ಆಳದ ಕೊರತೆ ಎಂಬುದಕ್ಕೆ ನಿಮ್ಮ ಮಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅವಳು ಇಲ್ಲಿ ಹುಟ್ಟಿದಳು, ಆದ್ದರಿಂದ ಈ ದೇಶದ ಪ್ರಜೆ. ಆ ಹಕ್ಕು ಬಂದಿರುವುದು ಅಂತರ್ಯುದ್ಧದ ನಂತರ, 1868ರಲ್ಲಿ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯಿಂದ. ಬಿಡುಗಡೆಯಾದ ಗುಲಾಮರನ್ನು ಪೌರರೆಂದು ಒಪ್ಪಿಕೊಳ್ಳಲು ಬರೆದ ಆ ಸಾಲುಗಳು ವಲಸೆ ಬಂದವರ ಮಕ್ಕಳಿಗೂ ಅನ್ವಯಿಸುತ್ತವೆ ಎಂದು 1898ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ವಾಂಗ್ ಕಿಮ್ ಆರ್ಕ್ ಹುಟ್ಟಿದ್ದು ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಚೀನೀ ತಂದೆತಾಯಿಗೆ. ಇಲ್ಲಿ ಹುಟ್ಟದವರ ಕಥೆಯೇ ಬೇರೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್‌ಗೆ, ಅವರು ಬಿಳಿಯರಲ್ಲವೆಂಬ ಕಾರಣಕ್ಕೆ ಪೌರತ್ವ ಕೊಡಲಾಗದೆಂದು ಅದೇ ಕೋರ್ಟ್ 1923ರಲ್ಲಿ ಹೇಳಿತು. ಭಾರತೀಯರಿಗೆ ಪೌರರಾಗುವ ದಾರಿ ತೆರೆದದ್ದು 1946ರ ಕಾನೂನಿನಿಂದ. ಹತ್ತು ವರ್ಷಗಳ ನಂತರ, 1956ರಲ್ಲಿ, ಕ್ಯಾಲಿಫೋರ್ನಿಯಾದ ದಲೀಪ್ ಸಿಂಗ್ ಸೌಂದ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ನಮ್ಮಂಥವರು ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾದದ್ದು 1965ರ ವಲಸೆ ಕಾಯ್ದೆಯ ನಂತರ. ಹನ್ನೊಂದನೆಯ ಗ್ರೇಡ್‌ನಲ್ಲಿ 1923, 1946, 1965 ಎಲ್ಲವೂ ಪಾಠವಾಗಿ ಬರಬಹುದು, ಆದರೆ ಅವುಗಳ ಬೇರು 1868ರಲ್ಲಿದೆ, ಮತ್ತು ಆ 1868 ಇರುವುದು ಎಂಟನೆಯ ಗ್ರೇಡ್‌ನ ಪುಸ್ತಕದಲ್ಲಿ.

ಸಮಾಧಾನದ ಸಂಗತಿಯೂ ಇದೆ. ನಿಮ್ಮ ಮಗಳು ಭಾರತದ ಸಂವಿಧಾನದ ಪಾಠ ಓದಿ ಬಂದಿದ್ದಾಳೆ. ನಮ್ಮ ಹದಿನಾಲ್ಕನೆಯ ವಿಧಿಯಲ್ಲಿರುವ ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಮಾತು ಅಮೆರಿಕದ ಹದಿನಾಲ್ಕನೆಯ ತಿದ್ದುಪಡಿಯಲ್ಲಿದ್ದದ್ದೇ. ಎರಡರ ಸಂಖ್ಯೆಯೂ ಹದಿನಾಲ್ಕಾಗಿರುವುದು ಕಾಕತಾಳೀಯ, ಮಾತು ಒಂದೇ ಆಗಿರುವುದು ಕಾಕತಾಳೀಯವಲ್ಲ. ಮೂಲಭೂತ ಹಕ್ಕು, ಸಂಯುಕ್ತ ವ್ಯವಸ್ಥೆ, ನ್ಯಾಯಾಂಗದ ಪರಾಮರ್ಶೆ ಎಂಬ ಕಲ್ಪನೆಗಳು ಅವಳಿಗೆ ಹೊಸವಲ್ಲ. ಬಿಟ್ಟುಹೋಗಿರುವುದು ಅಮೆರಿಕದ ಘಟನೆಗಳ ಸರಣಿ ಮಾತ್ರ, ಅದನ್ನು ಒಂದು ಬೇಸಿಗೆಯಲ್ಲಿ ತುಂಬಿಕೊಳ್ಳಬಹುದು. ನೀವು ಆನ್‌ಲೈನ್ ಕೋರ್ಸಿಗೆಂದು ಇಟ್ಟಿದ್ದ 2027ರ ಬೇಸಿಗೆಯನ್ನು ಇದಕ್ಕೆ ಕೊಡಿ. ಮಾಧ್ಯಮಿಕ ಶಾಲೆಯಲ್ಲಿ ಬಳಸುವ ಎಂಟನೆಯ ಗ್ರೇಡ್‌ನ ಇತಿಹಾಸ ಪುಸ್ತಕವನ್ನು ತಮ್ಮನ ಶಾಲೆಯಿಂದಲೋ ಊರಿನ ಗ್ರಂಥಾಲಯದಿಂದಲೋ ತಂದು, ದಿನಕ್ಕೆ ಒಂದು ಗಂಟೆಯಂತೆ ಆರೇಳು ವಾರ ಓದಲಿ. ಜೊತೆಗೆ ಖಾನ್ ಅಕಾಡೆಮಿ ಎಂಬ ಜಾಲತಾಣದಲ್ಲಿ ಅಮೆರಿಕದ ಇತಿಹಾಸದ ಪಾಠಗಳು ಉಚಿತವಾಗಿವೆ. ಇದಕ್ಕೆ ಕ್ರೆಡಿಟ್ ಇಲ್ಲ, ಗ್ರೇಡ್ ಇಲ್ಲ, ಶಾಲೆಯ ಅಂಕದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ಆದರೂ ಮೂರು ವರ್ಷದ ಯೋಜನೆಯಲ್ಲಿ ನಾನು ಒಂದೇ ಒಂದು ವಿಷಯವನ್ನು ಒತ್ತಾಯಿಸಬಹುದಾದರೆ ಅದು ಇದೇ.

ಬರವಣಿಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಭಾರತದಿಂದ ಬಂದ ಚುರುಕು ಮಕ್ಕಳು ಎಡವುವುದು ಇಲ್ಲೇ. ‘ಫ್ರೆಂಚ್ ಕ್ರಾಂತಿಗೆ ಕಾರಣಗಳನ್ನು ವಿವರಿಸಿ’ ಎಂದರೆ ನಮ್ಮ ಮಕ್ಕಳು ಆರು ಅಂಶಗಳನ್ನು ಸಂಖ್ಯೆ ಹಾಕಿ, ಶೀರ್ಷಿಕೆಗಳಿಗೆ ಅಡಿಗೆರೆ ಎಳೆದು ಬರೆಯುತ್ತಾರೆ. ಮೈಸೂರಿನಲ್ಲಿ ಅದಕ್ಕೆ ಪೂರ್ತಿ ಅಂಕ. ಇಲ್ಲಿ ಪ್ರಶ್ನೆಯೇ ಬೇರೆ ಥರ: ಬರಗಾಲ ಮತ್ತು ಬ್ರೆಡ್ಡಿನ ಬೆಲೆ ಹೆಚ್ಚು ಮುಖ್ಯ ಕಾರಣವೋ, ಹೊಸ ರಾಜಕೀಯ ವಿಚಾರಗಳೋ, ಎಂದು ಕೇಳಿ ಒಂದು ನಿಲುವು ತೆಗೆದುಕೊಳ್ಳಲು ಹೇಳುತ್ತಾರೆ. ಮೊದಲ ಪ್ಯಾರಾದಲ್ಲೇ ಆ ನಿಲುವನ್ನು ಒಂದು ವಾಕ್ಯದಲ್ಲಿ ಹೇಳಬೇಕು, ಆಮೇಲೆ ಪ್ರತಿ ಪ್ಯಾರಾವೂ ಆಧಾರ ಕೊಟ್ಟು ಅದನ್ನು ಸಮರ್ಥಿಸಬೇಕು. ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಕೋರ್ಸುಗಳ, ಇತಿಹಾಸ ಪರೀಕ್ಷೆಗಳಲ್ಲಿ ಇದರ ಪಕ್ವ ರೂಪವಿದೆ: ಏಳು ಮೂಲ ದಾಖಲೆಗಳನ್ನು ಕೊಟ್ಟು, ಓದುವುದಕ್ಕೂ ಬರೆಯುವುದಕ್ಕೂ ಸೇರಿ ಒಂದು ಗಂಟೆ ಕೊಡುತ್ತಾರೆ. ದಾಖಲೆಯಲ್ಲಿ ಏನಿದೆ ಎಂದು ಹೇಳಿದರೆ ಸಾಲದು. ಅದನ್ನು ಬರೆದವನು ಯಾರು, ಯಾರಿಗಾಗಿ ಬರೆದ, ಅವನ ಮಾತನ್ನು ಎಷ್ಟು ನಂಬಬಹುದು ಎಂಬುದನ್ನೂ ಹೇಳಬೇಕು. ಗಿಳಿಪಾಠ ಒಪ್ಪಿಸಿ ಗೆದ್ದ ಅಭ್ಯಾಸವಿರುವ ಮಗುವಿಗೆ ಇದು ಮೊದಲ ಆರು ತಿಂಗಳು ಅವಮಾನದಂತೆ ಅನ್ನಿಸುತ್ತದೆ. ಹತ್ತನೆಯ ಗ್ರೇಡ್‌ನ ವರ್ಲ್ಡ್ ಹಿಸ್ಟರಿಯನ್ನು ನಾನು ಬಿಡಬೇಡಿ ಎಂದದ್ದರ ನಿಜವಾದ ಕಾರಣ ಈ ಆರು ತಿಂಗಳೇ.

ಸಾಮಾನ್ಯ ಕೋರ್ಸೋ ಎಪಿಯೋ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಬಂದ ತಿಂಗಳಲ್ಲೇ ಅಕ್ಕಪಕ್ಕದವರು ಕೇಳಿಸುತ್ತಾರೆ. ಹತ್ತನೆಯ ಗ್ರೇಡ್‌ನಲ್ಲಿ ಸಾಮಾನ್ಯ ವರ್ಲ್ಡ್ ಹಿಸ್ಟರಿಯೇ ಸಾಕು. ಎಪಿ ವರ್ಲ್ಡ್ ಹಿಸ್ಟರಿ ಕ್ರಿ.ಶ. 1200ರಿಂದ ಶುರುವಾಗುತ್ತದೆ. ಅದರ ಮೊದಲ ಘಟಕದಲ್ಲಿ ದಕ್ಷಿಣ ಏಷ್ಯಾದ ರಾಜ್ಯಗಳಿಗೆ ಉದಾಹರಣೆಯಾಗಿ ವಿಜಯನಗರ ಸಾಮ್ರಾಜ್ಯದ ಹೆಸರಿದೆ, ಧಾರ್ಮಿಕ ಪರಂಪರೆಗಳಿಗೆ ಉದಾಹರಣೆಯಾಗಿ ಭಕ್ತಿ ಪಂಥದ ಹೆಸರೂ ಇದೆ. ಹಂಪಿ ನೋಡಿ, ದಾಸರ ಪದ ಕೇಳಿ ಬೆಳೆದ ಹುಡುಗಿ ಆ ಪುಟ ತೆರೆದಾಗ ಅವಳ ಮುಖ ಹೇಗಿರುತ್ತದೆಂದು ನಾನು ಊಹಿಸಬಲ್ಲೆ. ಆದರೂ ಶಾಲೆಯ ರೀತಿ, ಉಚ್ಚಾರಣೆ, ಗೆಳೆತನ ಎಲ್ಲವೂ ಹೊಸದಾಗಿರುವ ವರ್ಷದಲ್ಲಿ ಆ ವೇಗ ಬೇಡ. ಹನ್ನೊಂದರಲ್ಲಿ ಲೆಕ್ಕ ತಿರುಗುತ್ತದೆ. ಎಪಿ ಅಮೆರಿಕನ್ ಹಿಸ್ಟರಿ 1491ರಿಂದ ಆರಂಭವಾಗಿ ಇಂದಿನವರೆಗೆ ಬರುತ್ತದೆ. ಅಂದರೆ ಸಾಮಾನ್ಯ ಕೋರ್ಸು ಗೊತ್ತಿದೆ ಎಂದುಕೊಂಡು ದಾಟಿಹೋಗುವ ಎಂಟನೆಯ ಗ್ರೇಡ್‌ನ ಭಾಗವನ್ನು ಈ ಕಠಿಣ ಕೋರ್ಸು ಮೊದಲಿನಿಂದ ಹೇಳಿಕೊಡುತ್ತದೆ. ಕಠಿಣವಾದದ್ದೇ ಹೊಸಬರಿಗೆ ಹೆಚ್ಚು ಅನುಕೂಲವಾಗುವ ಅಪರೂಪದ ಸಂದರ್ಭ ಇದು. ಹತ್ತನೆಯ ಗ್ರೇಡ್‌ನ ಎರಡನೆಯ ಸೆಮಿಸ್ಟರಿನಲ್ಲಿ ಅವಳ ಪ್ರಬಂಧಗಳಿಗೆ ‘ಎ’ ಅಥವಾ ಗಟ್ಟಿ ‘ಬಿ’ ಬರುತ್ತಿದ್ದರೆ, ಬೇಸಿಗೆಯ ಓದನ್ನೂ ಮಾಡಿ, ಹನ್ನೊಂದರಲ್ಲಿ ಎಪಿ ತೆಗೆದುಕೊಳ್ಳಲಿ. ಇಲ್ಲದಿದ್ದರೆ ಸಾಮಾನ್ಯ ಕೋರ್ಸು, ಮತ್ತು ಆಗ ಬೇಸಿಗೆಯ ಓದು ಇನ್ನೂ ಹೆಚ್ಚು ಅಗತ್ಯ.

ಗ್ರೇಡ್‌ಗಳ ಸರಾಸರಿಯಾದ ಜಿಪಿಎಗೆ ಅಂಕ ಸೇರುತ್ತದೆಂಬ ಒಂದೇ ಆಸೆಗೆ ಎಪಿ ಇತಿಹಾಸಕ್ಕೆ ಕೈಹಾಕುವುದು ಬೇಡ. ಹತ್ತು ಮತ್ತು ಹನ್ನೊಂದನೆಯ ಗ್ರೇಡ್‌ನ ಕೋರ್ಸುಗಳಿಂದ ಜಿಪಿಎ ಲೆಕ್ಕ ಹಾಕುವ ಯುಸಿ, ಹೆಚ್ಚುವರಿ ಅಂಕ ಕೊಡುವುದು ಒಟ್ಟು ಎಂಟು ಸೆಮಿಸ್ಟರಿಗೆ ಮಾತ್ರ, ಅದರಲ್ಲಿ ಹತ್ತನೆಯ ಗ್ರೇಡ್‌ನದು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಕಂಪ್ಯೂಟರ್ ಸೈನ್ಸ್ ಕಡೆ ಒಲವಿರುವ ಹುಡುಗಿಗೆ ಆ ಎಂಟು ಸೆಮಿಸ್ಟರು ಗಣಿತ, ವಿಜ್ಞಾನ, ಕಂಪ್ಯೂಟರ್ ಎಪಿಗಳಿಂದಲೇ ತುಂಬುವ ಸಾಧ್ಯತೆ ಹೆಚ್ಚು.

ಹನ್ನೆರಡನೆಯ ಗ್ರೇಡ್‌ನ ಬಗ್ಗೆ ಒಂದು ಸಣ್ಣ ಸಲಹೆ ಇದೆ. ಕೆಲವು ಶಾಲೆಗಳಲ್ಲಿ ಅರ್ಥಶಾಸ್ತ್ರ ಮೊದಲೋ ಸಿವಿಕ್ಸ್ ಮೊದಲೋ ಎಂಬ ಆಯ್ಕೆ ವಿದ್ಯಾರ್ಥಿಗೆ ಇರುತ್ತದೆ. ಇದ್ದರೆ ಸಿವಿಕ್ಸನ್ನು ಮೊದಲ ಸೆಮಿಸ್ಟರಿಗೆ ಕೇಳಿ. ಅವಳ ಹನ್ನೆರಡನೆಯ ಗ್ರೇಡ್ 2028ರ ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಆ ವರ್ಷದ ನವೆಂಬರ್ 7ರಂದು ಅಧ್ಯಕ್ಷೀಯ ಚುನಾವಣೆ. ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮಂಡಲವಾದ ಎಲೆಕ್ಟೊರಲ್ ಕಾಲೇಜಿನ ಪಾಠವನ್ನು ನಿಜವಾದ ಎಣಿಕೆ ನಡೆಯುವಾಗ ಕೇಳುವ ಅವಕಾಶ ನಾಲ್ಕು ವರ್ಷಕ್ಕೊಮ್ಮೆ ಒಂದು ತಂಡಕ್ಕೆ ಸಿಗುತ್ತದೆ. ಅವಳಿಗೆ ಆಗ ಹದಿನೇಳು, ಮತ ಹಾಕುವಂತಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ತುಂಬಿದ ಪೌರರು ಮತದಾರರ ಪಟ್ಟಿಗೆ ಮುಂಗಡವಾಗಿ ಹೆಸರು ಕೊಡಬಹುದು, ಮತ್ತು 2.5 ಜಿಪಿಎ ಇರುವ ಹದಿನಾರು ತುಂಬಿದ ವಿದ್ಯಾರ್ಥಿಗಳು ಹೆತ್ತವರ ಮತ್ತು ಶಾಲೆಯ ಒಪ್ಪಿಗೆ ಪಡೆದು ಮತಗಟ್ಟೆಯಲ್ಲಿ ಕೆಲಸ ಮಾಡಬಹುದು. ಇಂಥ ಚಟುವಟಿಕೆಯಲ್ಲಿ ಗಂಭೀರವಾಗಿ ತೊಡಗಿದವರ ಡಿಪ್ಲೊಮಾದ ಮೇಲೆ ಪೌರ ತೊಡಗಿಕೆಯ ಮುದ್ರೆ ಹಾಕುವ ವ್ಯವಸ್ಥೆಯನ್ನು ರಾಜ್ಯದ ಶಿಕ್ಷಣ ಮಂಡಳಿ 2020ರಲ್ಲಿ ಒಪ್ಪಿದೆ. ಮಂಡಳಿಯ ಮಾನದಂಡಗಳ ಚೌಕಟ್ಟಿನಲ್ಲಿ ಅದರ ವಿವರಗಳನ್ನು ಆಯಾ ಡಿಸ್ಟ್ರಿಕ್ಟ್ ನಿಗದಿ ಮಾಡುತ್ತದೆ, ಹಾಗಾಗಿ ನಿಮ್ಮಲ್ಲಿ ಅದು ಇದೆಯೇ ಎಂದು ವಿಚಾರಿಸಿ.

ಜಾಗ ಮಾಡಿಕೊಳ್ಳುವ ನಿಮ್ಮ ಚಿಂತೆ ಅರ್ಥವಿಲ್ಲದ್ದೇನೂ ಅಲ್ಲ. ನಿಜವಾಗಿ ಒಂದು ಪೀರಿಯಡ್ ಬೇಕಾದರೆ ಅರ್ಥಶಾಸ್ತ್ರದ ಸೆಮಿಸ್ಟರನ್ನು ಬೇಸಿಗೆಗೆ ತಳ್ಳುವುದರಲ್ಲಿ ನನಗೆ ಆಕ್ಷೇಪವಿಲ್ಲ; ಹನ್ನೊಂದು ಮುಗಿದ ಬೇಸಿಗೆಯಲ್ಲಿ ಹಾಗೆ ಮಾಡುವವರು ಹಲವರಿದ್ದಾರೆ. ಆನ್‌ಲೈನ್ ಸಂಸ್ಥೆಯೊಂದರಲ್ಲಿ ಮಾಡುವುದಾದರೆ ಹಣ ಕಟ್ಟುವ ಮೊದಲು ಎರಡು ಒಪ್ಪಿಗೆ ಬೇಕು: ಆ ಕೋರ್ಸನ್ನು ಒಪ್ಪುತ್ತೇವೆ ಎಂದು ಡಿಸ್ಟ್ರಿಕ್ಟ್‌ನಿಂದ ಬರಹದಲ್ಲಿ ಉತ್ತರ, ಮತ್ತು ಯುಸಿಯ ಎ–ಜಿ ಪಟ್ಟಿಯಲ್ಲಿ ಆ ಸಂಸ್ಥೆಯ ಆ ಕೋರ್ಸಿನ ಹೆಸರು. ಈ ಪಟ್ಟಿ ಶಾಲೆವಾರು ಎಲ್ಲರಿಗೂ ಅಂತರ್ಜಾಲದಲ್ಲಿ ಸಿಗುತ್ತದೆ. ಒಂದೇ ಹೆಸರಿನ ಕೋರ್ಸು ಒಂದು ಸಂಸ್ಥೆಯಲ್ಲಿ ಅನುಮೋದಿತವಾಗಿದ್ದು ಇನ್ನೊಂದರಲ್ಲಿ ಆಗಿಲ್ಲದಿರಬಹುದು. ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಾದ ಕಮ್ಯೂನಿಟಿ ಕಾಲೇಜು ಇನ್ನೂ ಒಳ್ಳೆಯ ದಾರಿ. ಯುಸಿಗೆ ವರ್ಗಾವಣೆಯಾಗುವ ಮೂರು ಸೆಮಿಸ್ಟರ್ ಯೂನಿಟ್‌ನ ಒಂದು ಕಾಲೇಜು ಕೋರ್ಸನ್ನು ಯುಸಿ ಹೈಸ್ಕೂಲಿನ ಒಂದು ವರ್ಷಕ್ಕೆ ಸಮವೆಂದು ಎಣಿಸುತ್ತದೆ, ಹೈಸ್ಕೂಲು ವಿದ್ಯಾರ್ಥಿಗಳಿಗೆ ಅಲ್ಲಿ ಸಾಮಾನ್ಯವಾಗಿ ಶುಲ್ಕವೂ ಇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಅಲ್ಲಿ ಬಂದ ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಮಗನ ವಿಚಾರದಲ್ಲಿ ನಿಯಮ ಸ್ವಲ್ಪ ಬೇರೆ. ಏಳನೆಯ ಗ್ರೇಡ್‌ಗೆ ಸೇರುವುದರಿಂದ ಅವನಿಗೆ ಎಂಟನೆಯ ಗ್ರೇಡ್‌ನ ಕೊರತೆಯೇ ಇರುವುದಿಲ್ಲ. ಅಕ್ಕನಿಗಿಂತ ಅವನ ದಾರಿ ಸಲೀಸು. ಆದರೆ ಅವನು ಡಿಪ್ಲೊಮಾ ಪಡೆಯುವುದು 2032ರಲ್ಲಿ. ವೈಯಕ್ತಿಕ ಹಣಕಾಸಿನ ಒಂದು ಸೆಮಿಸ್ಟರಿನ ಕೋರ್ಸನ್ನು 2030–31ನೆಯ ಸಾಲಿನಿಂದ ಡಿಪ್ಲೊಮಾಗೆ ಕಡ್ಡಾಯ ಮಾಡುವ ಕಾನೂನು 2024ರಲ್ಲಿ ಆಗಿದೆ. ಅದು ಅವನಿಗೆ ಅನ್ವಯಿಸುತ್ತದೆ, ಅಕ್ಕನಿಗೆ ಅನ್ವಯಿಸುವುದಿಲ್ಲ. ಆ ಕೋರ್ಸು ಮುಗಿಸಿದವರು ಅರ್ಥಶಾಸ್ತ್ರದ ಸೆಮಿಸ್ಟರಿನಿಂದ ವಿನಾಯಿತಿ ಪಡೆಯುವ ಅವಕಾಶವನ್ನೂ ಕಾನೂನು ಇಟ್ಟಿದೆ. ಎಥ್ನಿಕ್ ಸ್ಟಡೀಸ್ (ಜನಾಂಗೀಯ ಸಮುದಾಯಗಳ ಅಧ್ಯಯನ) ಎಂಬ ಇನ್ನೊಂದು ಸೆಮಿಸ್ಟರಿನ ಕೋರ್ಸಿನ ಬಗ್ಗೆ 2021ರಲ್ಲಿ ಕಾನೂನಾಯಿತು, ಆದರೆ ರಾಜ್ಯ ಹಣ ಒದಗಿಸಿದರೆ ಮಾತ್ರ ಕಡ್ಡಾಯವಾಗುತ್ತದೆ ಎಂಬ ಷರತ್ತು ಅದರಲ್ಲೇ ಇತ್ತು; 2025ರ ಬಜೆಟ್‌ನಲ್ಲಿ ಆ ಹಣ ಬರಲಿಲ್ಲ. ಕೆಲವು ಡಿಸ್ಟ್ರಿಕ್ಟ್‌ಗಳು ಮಾತ್ರ ಅದನ್ನು ತಾವಾಗಿಯೇ ಕಡ್ಡಾಯ ಮಾಡಿಕೊಂಡಿವೆ. ಹಾಗೆ ಮಾಡಿದ ಕಡೆ ಅದು ಸಾಮಾನ್ಯವಾಗಿ ಒಂಬತ್ತನೆಯ ಗ್ರೇಡ್‌ನಲ್ಲಿ ಬರುತ್ತದೆ, ಮತ್ತು ಒಂಬತ್ತನೆಯದನ್ನು ಬೇರೆಡೆ ಓದಿ ಬಂದ ನಿಮ್ಮ ಮಗಳಂಥವರಿಗೆ ಏನು ಮಾಡುತ್ತಾರೆ ಎಂಬುದನ್ನು ಕೌನ್ಸೆಲರ್‌ನಿಂದಲೇ ಕೇಳಿ ತಿಳಿದುಕೊಳ್ಳಬೇಕು.

ಜುಲೈ ತಿಂಗಳಲ್ಲಿ ಕೌನ್ಸೆಲರ್‌ಗಳು ಸಾಮಾನ್ಯವಾಗಿ ರಜೆಯಲ್ಲಿರುತ್ತಾರೆ. ಶಾಲೆ ಶುರುವಾಗುವ ಒಂದೆರಡು ವಾರ ಮುಂಚೆ ಮರಳುತ್ತಾರೆ, ಆಗ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಆದ್ದರಿಂದ ಈಗಲೇ ಇಮೇಲ್ ಬರೆದು ದಿನ ಗೊತ್ತುಮಾಡಿಕೊಳ್ಳಿ, ಅಂಕಪಟ್ಟಿಯನ್ನು ಮೊದಲೇ ಕಳಿಸಿಡಿ. ಭೇಟಿಗೆ ಮಗಳನ್ನೂ ಕರೆದುಕೊಂಡು ಹೋಗಿ, ಮಾತನ್ನು ಅವಳೇ ಆಡಲಿ. ಇಲ್ಲಿ ಕೌನ್ಸೆಲರ್‌ಗಳು ಹೆತ್ತವರಿಗಿಂತ ವಿದ್ಯಾರ್ಥಿಯ ಕಡೆಗೇ ತಿರುಗಿ ಮಾತಾಡುತ್ತಾರೆ, ಅದನ್ನು ಅಗೌರವ ಎಂದುಕೊಳ್ಳಬೇಡಿ. ಒಂಬತ್ತನೆಯ ತರಗತಿಗೆ ಎಷ್ಟು ಕ್ರೆಡಿಟ್ ಬಂತು ಮತ್ತು ಅವು ಯಾವ ಯಾವ ಖಾನೆಗೆ ಹೋದವು ಎಂಬುದನ್ನು ಬರಹದಲ್ಲಿ ಪಡೆದುಕೊಂಡ ಮೇಲೆಯೇ ಅಲ್ಲಿಂದ ಎದ್ದು ಬನ್ನಿ.